ವಾರಕ್ಕೆ 120 ಗಂಟೆ ಅನ್ನಿಸಿತ್ತು, ಎಣಿಸಿದರೆ 91 ಬಂತು. ನಾನು ಸುಳ್ಳು ಹೇಳಿದೆನಾ?

ಪ್ರಶ್ನೆ: ಮೇಡಂ, ನಾನು ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿನಿ), ಮೊದಲ ವರ್ಷ. ಮನೆಗೆ ಫೋನ್ ಮಾಡಿದಾಗಲೆಲ್ಲ ‘ವಾರಕ್ಕೆ 120 ಗಂಟೆ ಕೆಲಸ ಅಮ್ಮ’ ಅಂತ ಹೇಳುತ್ತಿದ್ದೆ. ಹೋದ ತಿಂಗಳು ಯೂನಿಟ್ ಚೀಫ್ ಹತ್ತಿರವೂ ಹಾಗೇ ಅಂದೆ. ಅವರು ಡ್ಯೂಟಿ ಪಟ್ಟಿ ತೆಗೆದು, ‘ನೋಡಮ್ಮ, ಇಲ್ಲಿ 60 ಗಂಟೆಯೂ ಇಲ್ಲ. ನಮ್ಮ ಕಾಲದಲ್ಲಿ ಇದರ ಎರಡರಷ್ಟು ಮಾಡ್ತಿದ್ವಿ’ ಅಂದರು. ಹಟಕ್ಕೆ ಬಿದ್ದು ಒಂದು ವಾರ ಪೂರ್ತಿ ಫೋನಿನಲ್ಲಿ ಬರೆದಿಟ್ಟೆ. 91 ಗಂಟೆ ಬಂತು. ಲೆಕ್ಕ ಇದರ ಜೊತೆಗಿದೆ. ಅಂದರೆ ನಾನು ಇಷ್ಟು ದಿನ ಸುಳ್ಳು ಹೇಳುತ್ತಿದ್ದೆನಾ? ಆ ಭಾನುವಾರ ಮಧ್ಯಾಹ್ನ ಸ್ಕೂಟರ್‌ನಲ್ಲಿ ರೂಮಿಗೆ ಹೋಗುವಾಗ ಸಿಗ್ನಲ್‌ನಲ್ಲಿ ಕಣ್ಣು ಮುಚ್ಚಿಹೋಗಿ, ಹಿಂದಿನ ಆಟೊದವರು ಹಾರ್ನ್ ಹೊಡೆದ ಮೇಲೆ ಎಚ್ಚರವಾಯಿತು. 91ಕ್ಕೇ ಇಷ್ಟು ಸುಸ್ತಾದರೆ ನಾನು ಈ ಕೆಲಸಕ್ಕೆ ತಕ್ಕವಳಲ್ಲವಾ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳಿಗಿಂತ ಮುಂಚೆ, ನಡುವೆ ಸುಮ್ನೆ ಹೇಳಿಹೋದ ಆ ಸ್ಕೂಟರ್ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅದನ್ನು ವಿವರವಾಗಿ ಆಮೇಲೆ ನೋಡೋಣ. ಸದ್ಯಕ್ಕೆ ಇಷ್ಟು ಮಾಡಿ: ರಾತ್ರಿ ಡ್ಯೂಟಿ ಮುಗಿಸಿದ ದಿನ ಸ್ಕೂಟರ್ ಮುಟ್ಟಬೇಡಿ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಪಟ್ಟಿಯಲ್ಲಿ ಇರುವುದು ಸೋಮವಾರದಿಂದ ಶನಿವಾರದ ತನಕ ಬೆಳಿಗ್ಗೆ 9ರಿಂದ ಸಂಜೆ 4. ಅದು 42 ಗಂಟೆ. ಶನಿವಾರ ನಿಮ್ಮ ಯೂನಿಟ್‌ನ ಅಡ್ಮಿಷನ್ ದಿನ, ಅಂದರೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಸರದಿ. ಸಂಜೆ 4ರಿಂದ ಭಾನುವಾರ ಬೆಳಿಗ್ಗೆ 9ರ ತನಕ ಡ್ಯೂಟಿ, 17 ಗಂಟೆ. ಒಟ್ಟು 59. ನಿಮ್ಮ ಚೀಫ್ ಹೇಳಿದ್ದು ಇದನ್ನೇ. ಅವರ ಕೈಯಲ್ಲಿದ್ದ ಕಾಗದ ಹೇಳಿದ್ದನ್ನೇ ಅವರೂ ಹೇಳಿದರು.

ಆದರೆ ನೀವು ವಾರ್ಡಿಗೆ ಬರುವುದು ಬೆಳಿಗ್ಗೆ ಆರೂವರೆಗೆ. ಸ್ಯಾಂಪಲ್ ತೆಗೆಯಬೇಕು, ರಾತ್ರಿಯ ಬಿಪಿ, ಶುಗರ್ ಚಾರ್ಟ್ ನೋಡಬೇಕು, 9ಕ್ಕೆ ರೌಂಡ್ಸ್ ಶುರುವಾಗುವ ಹೊತ್ತಿಗೆ ಪ್ರತಿ ಕೇಸ್ ಶೀಟ್‌ನಲ್ಲೂ ಆ ದಿನದ ನೋಟ್ಸ್ ಇರಬೇಕು. ಆರು ದಿನಕ್ಕೆ ಅದು 15 ಗಂಟೆ. ನಾಲ್ಕು ದಿನ ಸಂಜೆ 7ರ ತನಕ ಉಳಿದಿದ್ದೀರಿ, 12 ಗಂಟೆ. ಭಾನುವಾರ ಡ್ಯೂಟಿ ಮುಗಿದ ಮೇಲೂ ರೌಂಡ್ಸ್, ಶಿಫ್ಟಿಂಗ್, ಡಿಸ್ಚಾರ್ಜ್ ಅಂತ ಮಧ್ಯಾಹ್ನ 2ರ ತನಕ ಅಲ್ಲೇ ಇದ್ದಿರಿ, 5 ಗಂಟೆ. ಇವೆಲ್ಲ ಸೇರಿ 32. ಪಟ್ಟಿ ಬರೆದವರಿಗೆ ಕಾಣದ 32 ಗಂಟೆ. ಇದನ್ನು ಯಾರೂ ಬಚ್ಚಿಟ್ಟಿಲ್ಲ, ಯಾರೂ ಬರೆದಿಟ್ಟೂ ಇಲ್ಲ.

120ರ ಕಡೆಯಿಂದಲೂ ನೋಡಿ. ವಾರಕ್ಕೆ ಇರುವುದು 168 ಗಂಟೆ. ಅದರಲ್ಲಿ 120 ಕಳೆದರೆ 48 ಉಳಿಯುತ್ತದೆ, ದಿನಕ್ಕೆ ಏಳು ಗಂಟೆಗೂ ಕಡಿಮೆ. ಅಷ್ಟರಲ್ಲೇ ನಿದ್ದೆ, ಸ್ನಾನ, ಊಟ, ಬಟ್ಟೆ ಒಗೆಯುವುದು, ಓಡಾಟ, ಅಮ್ಮನ ಹತ್ತಿರ ಮಾತು ಎಲ್ಲ ಮುಗಿಯಬೇಕು. ಒಂದು ಕೆಟ್ಟ ವಾರ ಹಾಗೆ ಕಳೆದೀತು. ತಿಂಗಳುಗಟ್ಟಲೆ ಆಗುವ ಮಾತಲ್ಲ. ಹಾಗಾಗಿ ನಿಮ್ಮ 91 ಸರಿಯಾಗಿದೆ. ಹಟಕ್ಕಾದರೂ ಸರಿ, ಎಣಿಸಿದಿರಲ್ಲ, ನನಗೆ ತುಂಬ ಖುಷಿಯಾಯಿತು.

ಹಾಗಾದರೆ ಮೇಲಿನ 29 ಗಂಟೆ ಎಲ್ಲಿಂದ ಬಂತು? ಸುಳ್ಳಿನಿಂದ ಬರಲಿಲ್ಲ. ನಮ್ಮ ನೆನಪು ಗಂಟೆಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಬರುವುದಿಲ್ಲ. ಡೆಂಗಿ ಜೋರಾಗಿದ್ದಾಗ ನೆಲದ ಮೇಲೂ ಹಾಸಿಗೆ ಹಾಕಿದ ಆ ಶನಿವಾರ ನೆನಪಿರುತ್ತದೆ. 4 ಗಂಟೆಗೇ ಹೊರಟು ಸೀದಾ ರೂಮಿಗೆ ಹೋದ ಬುಧವಾರ ನೆನಪಿರುವುದಿಲ್ಲ. ಇದು ಡಾಕ್ಟರುಗಳಿಗೆ ಮಾತ್ರ ಆಗುವುದೂ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಜಾನ್ ರಾಬಿನ್ಸನ್ ದಶಕಗಳ ಕಾಲ ಸಾಮಾನ್ಯ ಜನರ ಕೈಯಲ್ಲಿ ದಿನಚರಿ ಬರೆಸಿದರು. ಬಾಯಲ್ಲಿ ಹೇಳಿದ ಗಂಟೆಯನ್ನೂ ದಿನಚರಿಯ ಗಂಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತಾವು ತುಂಬ ಹೊತ್ತು ದುಡಿಯುತ್ತೇವೆ ಅಂದವರಲ್ಲೇ ಎರಡರ ನಡುವಿನ ವ್ಯತ್ಯಾಸವೂ ಜಾಸ್ತಿ ಇತ್ತು.

ಇನ್ನೊಂದು, ನಿಮ್ಮ ಫೋನ್. ಯೂನಿಟ್‌ನ ವಾಟ್ಸ್ಆ್ಯಪ್ ಗುಂಪು ರಾತ್ರಿ ಹತ್ತಕ್ಕೂ ಟಿಣ್ ಅನ್ನುತ್ತದೆ, ಅಲ್ವಾ? ‘17ನೇ ಬೆಡ್ ಕ್ರಿಯಾಟಿನಿನ್ ಎಷ್ಟು?’ ಅಂತ ಒಂದು ಮೆಸೇಜು. ಉತ್ತರ ಕೊಡಲು ಎರಡು ನಿಮಿಷ ಸಾಕು. ಆದರೆ ಇನ್ನೊಂದು ಬರಬಹುದು ಅಂತ ಕಾಯುವ ಮನಸ್ಸು ಮಲಗುವ ತನಕ ಡ್ಯೂಟಿಯಲ್ಲೇ ಇರುತ್ತದೆ. ಗಡಿಯಾರದ ಪ್ರಕಾರ ಎರಡು ನಿಮಿಷ, ನಿಮ್ಮ ಪ್ರಕಾರ ಮೂರು ಗಂಟೆ. ಇದರಲ್ಲಿ ಯಾವುದು ಸುಳ್ಳು ಅಂತ ಹೇಳುವುದು ನನಗೆ ಕಷ್ಟ.

ಗಂಟೆ ಕಡಿಮೆ ಹೇಳುವುದೂ ಉಂಟು. ಅಮೆರಿಕದಲ್ಲಿ 2003ರಿಂದ ತರಬೇತಿಯ ಡಾಕ್ಟರುಗಳಿಗೆ ನಾಲ್ಕು ವಾರದ ಸರಾಸರಿಯಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. ಗಂಟೆ ಬರೆದುಕೊಡಬೇಕು. 86 ಅಂತ ಬರೆದರೆ ತನ್ನ ವಿಭಾಗದ ಮಾನ್ಯತೆಗೇ ಏಟು, ಸೀನಿಯರ್‌ಗಳ ಮುಖವೂ ಗಂಟಿಕ್ಕುತ್ತದೆ. ಎಷ್ಟೋ ಜನ 79 ಅಂತ ಬರೆದು ಸುಮ್ಮನಾದರು. ಮನೆಯವರಿಗೆ ಜಾಸ್ತಿ, ಆಫೀಸಿಗೆ ಕಡಿಮೆ. ಎರಡು ಕಡೆಯೂ ನಿಜವಾದ ಸಂಖ್ಯೆ ಕಳೆದುಹೋಗುತ್ತದೆ.

ಇಷ್ಟೆಲ್ಲ ಹೇಳಿದರೂ, 29 ಗಂಟೆಗೆ ಇದಕ್ಕಿಂತ ದೊಡ್ಡ ಕಾರಣ ಇದೆ ಅಂತ ನನ್ನ ನಂಬಿಕೆ. ಅಮ್ಮನಿಗೆ ನೀವು ಹೇಳಬೇಕಾಗಿದ್ದದ್ದು ಹೊರೆಯ ಮಾತು. ಹೊರೆಯನ್ನು ಅಳೆದು ಹೇಳಲು ನಮಗೆ ಯಾರೂ ಕಲಿಸಿಲ್ಲ. ಗೊತ್ತಿರುವ ಅಳತೆ ಗಂಟೆ ಒಂದೇ. ಹಾಗಾಗಿ ಎದೆಯ ಮೇಲಿದ್ದ ಭಾರವನ್ನೆಲ್ಲ ಗಂಟೆಯಲ್ಲೇ ಹೇಳಿದಿರಿ.

ಹೊರೆಯನ್ನು ಅಳೆಯುವ ವಿಧಾನ ಇದೆ. ನಾಸಾದಲ್ಲಿ ಸಾಂಡ್ರಾ ಹಾರ್ಟ್ ಮತ್ತು ಸಂಗಡಿಗರು ವಿಮಾನ ಓಡಿಸುವವರಂಥ ಕೆಲಸಗಾರರಿಗಾಗಿ ರೂಪಿಸಿ 1988ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿಯನ್ನು ಈಗ ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ಅದರಲ್ಲಿ ಆರು ಪ್ರಶ್ನೆ. ತಲೆಗೆ ಎಷ್ಟು ಕೆಲಸ ಬಿತ್ತು, ಮೈಗೆ ಎಷ್ಟು, ಎಷ್ಟು ಅವಸರ ಇತ್ತು, ಕೆಲಸ ಎಷ್ಟು ಚೆನ್ನಾಗಿ ಆಯಿತು, ಅದಕ್ಕೆ ಎಷ್ಟು ಕಷ್ಟಪಟ್ಟಿರಿ, ಎಷ್ಟು ಕಿರಿಕಿರಿ ಆಯಿತು. ಎಷ್ಟು ಗಂಟೆ ಮಾಡಿದಿರಿ ಅನ್ನುವ ಪ್ರಶ್ನೆಯೇ ಅಲ್ಲಿಲ್ಲ.

ಗಂಟೆ ಬೇರೆ, ಹೊರೆ ಬೇರೆ ಅನ್ನುವುದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಡ್ಯೂಟಿ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಿಜಿಗಳು ಒಂದು ಹೇಳುತ್ತಾರೆ, ಪಟ್ಟಿ ಇನ್ನೊಂದು ಹೇಳುತ್ತದೆ. ನೋಡಿಯೇ ಬಿಡೋಣ ಅಂತ ಒಂದು ಅಡ್ಮಿಷನ್ ರಾತ್ರಿ ನೋಟ್‌ಬುಕ್ ಹಿಡಿದು ಫಸ್ಟ್ ಇಯರ್ ಹುಡುಗನೊಬ್ಬನ ಹಿಂದೆ ಒಂದು ಗಂಟೆ ಓಡಾಡಿದೆ. 11.05ಕ್ಕೆ ಉಬ್ಬಸದಿಂದ ಬಂದಿದ್ದ ಅಜ್ಜಿಯ ಪಕ್ಕ ನಿಂತು ವಿಚಾರಿಸಲು ಶುರು ಮಾಡಿದ. 11.08ಕ್ಕೆ ಸಿಸ್ಟರ್ ಕರೆದರು, 22ನೇ ಬೆಡ್‌ನವರ ಕೈಗೆ ಹಾಕಿದ್ದ ಡ್ರಿಪ್‌ನ ಕ್ಯಾನುಲಾ ಹೊರಬಂದಿತ್ತು. ಅದನ್ನು ಹಾಕುತ್ತಿರುವಾಗಲೇ ಕ್ಯಾಶುಯಾಲ್ಟಿಯಿಂದ ಫೋನ್. ಹೊರಟವನನ್ನು ಬಾಗಿಲಲ್ಲಿ ಒಬ್ಬ ಹೆಂಗಸು ತಡೆದು, ‘ಸಾರ್, ನಮ್ಮ ಯಜಮಾನ್ರಿಗೆ ಸ್ಕ್ಯಾನ್ ಯಾವಾಗ ಸಾರ್?’ ಅಂದರು. ಕ್ಯಾಶುಯಾಲ್ಟಿಯಲ್ಲಿ ವಿಷ ಕುಡಿದ ಹುಡುಗ. ಸೀನಿಯರ್ ಬಂದು ಅವನನ್ನು ನೋಡಿಕೊಳ್ಳುವ ತನಕ ಅಲ್ಲಿ. ಆಮೇಲೆ ಐಸಿಯು ಬೆಡ್‌ಗಾಗಿ ಮೂರು ಫೋನ್. ಅಲ್ಲಿಂದ ರಕ್ತನಿಧಿ. ಫಾರಂನಲ್ಲಿ ಒಂದು ಸಹಿ ಬಿಟ್ಟುಹೋಗಿದೆ ಅಂತ ವಾಪಸ್ ಕಳಿಸಿದರು. ಅಜ್ಜಿಯ ಹತ್ತಿರ ತಿರುಗಿ ಬಂದಾಗ 11.50. ‘ಅಜ್ಜಿ, ಏನು ಹೇಳ್ತಾ ಇದ್ರಿ?’ ಅಂದ. ಅಜ್ಜಿ ಪಾಪ, ಏದುಸಿರು ಬಿಡುತ್ತಾ ಮೊದಲಿಂದ ಶುರು ಮಾಡಿದರು.

ಆ ಒಂದು ಗಂಟೆಯಲ್ಲಿ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದದ್ದು 13 ಸಲ. ಪ್ರತಿ ಸಲವೂ ಬಿಟ್ಟುಬಂದದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡೇ ಓಡಬೇಕು. ಡ್ಯೂಟಿ ಪಟ್ಟಿಯಲ್ಲಿ ಅದೂ ಒಂದು ಗಂಟೆ, ಒಪಿಡಿಯಲ್ಲಿ ಸೀನಿಯರ್ ಪಕ್ಕ ಕೂತು ರೋಗಿ ನೋಡಿದ್ದೂ ಒಂದು ಗಂಟೆ. ಮರುದಿನ ಅವನನ್ನು, ‘ನಿನ್ನೆ ರಾತ್ರಿ ಎಷ್ಟು ಹೊತ್ತು ಕೆಲಸ ಮಾಡಿದೆ ಅನ್ನಿಸುತ್ತೆ?’ ಅಂತ ಕೇಳಿದ್ದರೆ ಅವನು ಜಾಸ್ತಿಯೇ ಹೇಳುತ್ತಿದ್ದ. ನಾನು ಒಪ್ಪಿಕೊಳ್ಳುತ್ತಿದ್ದೆ.

ಹೊರಗಿನ ದೇಶಗಳಲ್ಲಿ ಹೀಗೆ ಹಿಂದೆ ಓಡಾಡಿ ಬರೆದುಕೊಂಡ ದೊಡ್ಡ ಅಧ್ಯಯನಗಳಿವೆ. ಬಾಲ್ಟಿಮೋರ್‌ನ ಎರಡು ಬೋಧನಾ ಆಸ್ಪತ್ರೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇಂಟರ್ನ್‌ಗಳು (ಅಲ್ಲಿ ಮೊದಲ ವರ್ಷದ ತರಬೇತಿಯ ಡಾಕ್ಟರುಗಳು) ರೋಗಿಯ ಜೊತೆ ನೇರವಾಗಿ ಕಳೆದದ್ದು ಸಮಯದ ಶೇ 12 ಮಾತ್ರ. ಕಂಪ್ಯೂಟರ್ ಮುಂದೆ ಶೇ 40. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದು 2017ರಲ್ಲಿ ಬಂದ ಅಧ್ಯಯನದಲ್ಲಿ ಹಗಲು ಪಾಳಿ ಸರಾಸರಿ 11.6 ಗಂಟೆ. ಅದರಲ್ಲಿ ರೋಗಿಯ ಜೊತೆ 1.7 ಗಂಟೆ, ಕಂಪ್ಯೂಟರ್ ಜೊತೆ 5.2 ಗಂಟೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್‌ನ ಜಾಗದಲ್ಲಿ ಓಡಾಟ ಇದೆ. ಸ್ಯಾಂಪಲ್ ಹಿಡಿದು ಲ್ಯಾಬಿಗೆ, ಫಾರಂ ಹಿಡಿದು ರಕ್ತನಿಧಿಗೆ, ಆಯುಷ್ಮಾನ್ ಅನುಮತಿಗೆ ಕಾಗದ ಹೊಂದಿಸಲು, ಟ್ರಾಲಿ ತಳ್ಳುವವರು ಸಿಗದಿದ್ದರೆ ಸ್ಕ್ಯಾನಿಂಗ್ ಕೋಣೆಯ ತನಕ ಟ್ರಾಲಿಯ ಜೊತೆಗೂ. ನೀವು ರಾತ್ರಿಯೆಲ್ಲ ಓದಿ ನೀಟ್ ಬರೆದದ್ದು ಇದಕ್ಕಲ್ಲ. ಕಷ್ಟದ ಕೇಸು ನೋಡಿ ಏನೋ ಹೊಳೆದ ಮೂರು ಗಂಟೆ ಹಗುರವಾಗಿ ಕಳೆಯುತ್ತದೆ. ಒಂದು ಸಹಿಗಾಗಿ ಅಲೆದ ಅರ್ಧ ಗಂಟೆ ಮೈಮೇಲೆ ಕೂತುಬಿಡುತ್ತದೆ.

ಹಾಗಾದರೆ ಗಂಟೆ ಕಡಿಮೆ ಮಾಡಿದರೆ ಹೊರೆ ಇಳಿಯುತ್ತದಾ? ಇಲ್ಲಿ ಅಮೆರಿಕದವರು ಒಂದು ಪಾಠ ಕಲಿತಿದ್ದಾರೆ, ನಾವು ಅವರನ್ನು ನೋಡಿ ಕಲಿಯಬಹುದು. 2011ರಲ್ಲಿ ಅಲ್ಲಿ ಮೊದಲ ವರ್ಷದವರು ಒಂದೇ ಸಮನೆ 16 ಗಂಟೆಗಿಂತ ಜಾಸ್ತಿ ಕೆಲಸ ಮಾಡಬಾರದು ಅಂತ ನಿಯಮ ಬಂತು. ಆ ನಿಯಮಕ್ಕೆ ಮುಂಚಿನ ಇಂಟರ್ನ್‌ಗಳನ್ನೂ ನಂತರದವರನ್ನೂ ಹೋಲಿಸಿ ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ ವಾರದ ಸರಾಸರಿ 67ರಿಂದ 64.3 ಗಂಟೆಗೆ ಇಳಿದಿತ್ತು. ಆದರೆ ನಿದ್ದೆ ಅಷ್ಟೇ ಇತ್ತು, ಖಿನ್ನತೆಯ ಲಕ್ಷಣಗಳೂ ಕಡಿಮೆಯಾಗಿರಲಿಲ್ಲ. ಗಂಭೀರ ತಪ್ಪು ಮಾಡಿದೆ ಅಂತ ಹೇಳಿಕೊಂಡವರು ಶೇ 19.9ರಿಂದ 23.3ಕ್ಕೆ ಏರಿದ್ದರು. ರೋಗಿಗಳು ಅಷ್ಟೇ, ಕಾಗದ ಅಷ್ಟೇ, ಮಾಡಲು ಇರುವ ಹೊತ್ತು ಮಾತ್ರ ಕಡಿಮೆ. ಚಿಕ್ಕ ಡಬ್ಬಿಗೆ ಅದೇ ಅನ್ನ ಒತ್ತಿ ತುಂಬಿದ ಹಾಗೆ. 2017ರಲ್ಲಿ ಆ 16 ಗಂಟೆಯ ಮಿತಿಯನ್ನು ತೆಗೆದರು.

ಅಲ್ಲೇ ಮಕ್ಕಳ ಆರು ಐಸಿಯುಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟ. ಉದ್ದದ ಡ್ಯೂಟಿ ತೆಗೆದು ಪಾಳಿ ಚಿಕ್ಕದು ಮಾಡಿದರು. ತಪ್ಪು ಕಡಿಮೆಯಾಗಬೇಕಿತ್ತು, ಜಾಸ್ತಿಯಾಯಿತು. ಯಾಕೆ ಅಂತ ಹುಡುಕಿದಾಗ, ಹೊಸ ಪಟ್ಟಿಯಲ್ಲಿ ಒಬ್ಬ ಡಾಕ್ಟರ ತಲೆಗೆ ಸರಾಸರಿ 8.8 ಮಕ್ಕಳು, ಹಳೆಯದರಲ್ಲಿ 6.7. ರೋಗಿಗಳ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ‘ಎಷ್ಟು ಗಂಟೆ’ ಅನ್ನುವುದರ ಜೊತೆ ‘ಎಷ್ಟು ಬೆಡ್’ ಅಂತಲೂ ಕೇಳಲೇಬೇಕು. ನಿಮ್ಮ ಲೆಕ್ಕದಲ್ಲಿ ಅದು ಇಲ್ಲ. ಮುಂದಿನ ವಾರ ಅದನ್ನೂ ಬರೆಯಿರಿ.

ಇಲ್ಲಿಯ ತನಕ ನಾನು ನಿಮ್ಮ ಅನಿಸಿಕೆಯ ಪರ ಮಾತಾಡಿದೆ. ಈಗ ಅದರ ವಿರುದ್ಧ ಮಾತಾಡಬೇಕು. ಹೊರೆ ಎಷ್ಟು ಅನ್ನುವುದನ್ನು ನಿಮ್ಮ ಮನಸ್ಸು ಸುಮಾರಾಗಿ ಸರಿಯಾಗಿಯೇ ಹೇಳುತ್ತದೆ. ನಾನೆಷ್ಟು ದಣಿದಿದ್ದೇನೆ ಅನ್ನುವುದನ್ನು ಮಾತ್ರ ಅದು ಸರಿಯಾಗಿ ಹೇಳುವುದಿಲ್ಲ. ಆ ಒಂದು ವಿಷಯದಲ್ಲಿ ಮನಸ್ಸನ್ನು ಬಿಟ್ಟು ಗಡಿಯಾರವನ್ನೇ ನಂಬಬೇಕು.

ನಾನು ಪಿಜಿ ಮಾಡುವಾಗಿನ ಒಂದು ಬೆಳಿಗ್ಗೆ. ಡ್ಯೂಟಿಯ 26ನೇ ಗಂಟೆಯೋ 27ನೇ ಗಂಟೆಯೋ ಇರಬೇಕು. ಮುಖ ತೊಳೆದು, ಕ್ಯಾಂಟೀನ್‌ನಲ್ಲಿ ಕಾಫಿ ಕುಡಿದು ಬಂದಿದ್ದೆ. ಸುಸ್ತು ಅನ್ನಿಸಿರಲೇ ಇಲ್ಲ, ಹುರುಪಾಗಿಯೇ ಇದ್ದೆ. 14ನೇ ಬೆಡ್‌ನವರ ಇನ್ಸುಲಿನ್ ಡೋಸನ್ನು 41ನೇ ಬೆಡ್‌ನವರ ಕೇಸ್ ಶೀಟ್‌ನಲ್ಲಿ ಬರೆದೆ. ಅವರಿಗೆ ಶುಗರ್ ಕಾಯಿಲೆಯೇ ಇರಲಿಲ್ಲ. ಸಿರಿಂಜ್ ಹಿಡಿದು ಹೊರಟಿದ್ದ ಸಿಸ್ಟರ್ ನಿಂತು, ‘ಡಾಕ್ಟ್ರೇ, ಇವ್ರಿಗೆ ಶುಗರ್ ಇಲ್ವಲ್ಲ?’ ಅಂದರು. ನಾನು ಶೀಟ್ ನೋಡಿದೆ. ನನ್ನದೇ ಅಕ್ಷರ. ‘ಇದೆ, ಕೊಡಿ’ ಅಂದೆ. ಅವರು ಕೊಡಲಿಲ್ಲ. ಅಲ್ಲೇ ನಿಂತು ಇನ್ನೊಂದು ಸಲ ಕೇಳಿದರು. ಆಗ ನನ್ನ ಕೈ ನಡುಗಿತು. ಅವರು ಎರಡನೇ ಸಲ ಕೇಳದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚಿಸುತ್ತೇನೆ. ತಪ್ಪಿಗಿಂತ ನನ್ನನ್ನು ಕಾಡುವುದು ಆ ‘ಇದೆ, ಕೊಡಿ’. ಅಷ್ಟು ಧೈರ್ಯವಾಗಿ ಹೇಳಿದ್ದೆ.

ಇದಕ್ಕೆ ವಿವರಣೆ 2003ರ ಒಂದು ಪ್ರಯೋಗದಲ್ಲಿ ಸಿಕ್ಕಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆರೋಗ್ಯವಂತರನ್ನು 14 ದಿನ ಪ್ರಯೋಗಾಲಯದಲ್ಲೇ ಇಟ್ಟುಕೊಂಡರು. ಕೆಲವರಿಗೆ ರಾತ್ರಿ 8 ಗಂಟೆ ನಿದ್ದೆಗೆ ಅವಕಾಶ, ಕೆಲವರಿಗೆ 6, ಕೆಲವರಿಗೆ 4. ಆರು ಗಂಟೆ ಮಲಗಿದವರ ಚುರುಕುತನವೂ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಗಿ, ಕೊನೆಗೆ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಆದರೆ ‘ನಿಮಗೆ ಎಷ್ಟು ನಿದ್ದೆ ಬರ್ತಿದೆ?’ ಅಂತ ಕೇಳಿದರೆ ಮೊದಲ ಕೆಲವು ದಿನ ಜಾಸ್ತಿ ಹೇಳಿದರು, ಆಮೇಲೆ ಉತ್ತರ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಅಭ್ಯಾಸವಾಯಿತು ಅಂದುಕೊಂಡರು. ಅಭ್ಯಾಸವಾದದ್ದು ದಣಿವನ್ನು ಗಮನಿಸದೆ ಇರುವುದು ಅಷ್ಟೇ. ಪಿಜಿಗಳು ‘ಮೊದಲ ಮೂರು ತಿಂಗಳು ಕಷ್ಟ, ಆಮೇಲೆ ಒಗ್ಗುತ್ತೆ’ ಅನ್ನುವಾಗ ನನಗೆ ಭಯವಾಗುವುದು ಇದಕ್ಕೇ.

ಈಗ ನಿಮ್ಮ ಸ್ಕೂಟರ್. ಶನಿವಾರ ಬೆಳಿಗ್ಗೆ 6.30ರಿಂದ ಭಾನುವಾರ ಮಧ್ಯಾಹ್ನ 2ರ ತನಕ 31 ಗಂಟೆ 30 ನಿಮಿಷ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ಎಚ್ಚರ ಇರುವುದನ್ನು ಮದ್ಯದ ಜೊತೆ ಹೋಲಿಸಿದರು. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟೇ ಕುಸಿದಿತ್ತು. 24 ಗಂಟೆಗೆ ಅದು ಶೇ 0.10ರಷ್ಟು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಹೋಲಿಸಿ ನೋಡಿ. ಅಮೆರಿಕದ 2,737 ಇಂಟರ್ನ್‌ಗಳ ಮೇಲೆ ನಡೆದು 2005ರಲ್ಲಿ ಬಂದ ಅಧ್ಯಯನದಲ್ಲಿ, 24 ಗಂಟೆ ದಾಟಿದ ಡ್ಯೂಟಿಯ ನಂತರ ಅಪಘಾತದ ಸಂಭವ ಮಾಮೂಲಿ ಡ್ಯೂಟಿಯ ನಂತರಕ್ಕಿಂತ 2.3 ಪಟ್ಟು ಇತ್ತು. ಸಿಗ್ನಲ್‌ನಲ್ಲಿ ನಿಂತಿದ್ದಾಗ ಕಣ್ಣು ಮುಚ್ಚಿದ್ದು ನಿಮ್ಮ ಪುಣ್ಯ. ಓಡುತ್ತಿರುವಾಗ ಮುಚ್ಚಿದ್ದರೆ ಈ ಪತ್ರ ನನಗೆ ಬರುತ್ತಿರಲಿಲ್ಲವೇನೋ.

ಹಾಗಾಗಿ ನಿಮ್ಮ ವಾರದಲ್ಲಿ ನನಗೆ 91ಕ್ಕಿಂತ ಈ 31.5 ದೊಡ್ಡದಾಗಿ ಕಾಣುತ್ತದೆ. ಎರಡನೆಯದು, ಏಳು ದಿನದಲ್ಲಿ ಒಂದು ದಿನವೂ ರಜೆ ಇಲ್ಲ.

ನಿಯಮ ಏನು ಹೇಳುತ್ತದೆ ಅಂತಲೂ ತಿಳಿದಿರಲಿ. ಕೇಂದ್ರ ಆರೋಗ್ಯ ಸಚಿವಾಲಯದ 1992ರ ರೆಸಿಡೆನ್ಸಿ ಯೋಜನೆಯಲ್ಲಿ ಜೂನಿಯರ್ ರೆಸಿಡೆಂಟ್‌ಗಳಿಗೆ, ಅಂದರೆ ನಿಮ್ಮಂಥ ಪಿಜಿಗಳಿಗೆ, ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರಬಾರದು ಅಂತ ಇದೆ. ಯುರೋಪಿನ ಮಿತಿಯೂ 48ಕ್ಕೇ ನಿಂತಿದೆ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿ ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ಸಾಂದರ್ಭಿಕ ರಜೆ ಅನ್ನುತ್ತದೆ. ಗಂಟೆಯ ವಿಷಯಕ್ಕೆ ಬಂದಾಗ ಮಾತ್ರ ‘ಸಮಂಜಸವಾದ ಕೆಲಸದ ಅವಧಿ’ ಅನ್ನುತ್ತದೆ, ಸಂಖ್ಯೆ ಕೊಡುವುದಿಲ್ಲ. ಸಂಖ್ಯೆ ಇಲ್ಲದ ಕಡೆ ನಿಮ್ಮ 120 ಮತ್ತು ಚೀಫ್‌ನ 60 ಜಗಳ ಆಡುತ್ತಲೇ ಇರುತ್ತವೆ. ಆ ಕೊರತೆ ತುಂಬಲು ಹೊರಟದ್ದು ಅದೇ ಆಯೋಗದ ಕಾರ್ಯಪಡೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್ ಅದರ ಅಧ್ಯಕ್ಷರಾಗಿದ್ದರು. 2024ರಲ್ಲಿ ಕೊಟ್ಟ ವರದಿಯಲ್ಲಿ ಪಿಜಿಗಳಿಗೆ ವಾರಕ್ಕೆ 74 ಗಂಟೆಗಿಂತ ಜಾಸ್ತಿ ಬೇಡ ಅಂದರು. ಹೇಗೆ ಅಂತಲೂ ಹೇಳಿದರು: ಒಂದು 24 ಗಂಟೆಯ ಡ್ಯೂಟಿ, ಐದು ದಿನ ಹತ್ತತ್ತು ಗಂಟೆ, ಒಂದು ದಿನ ರಜೆ. ಇದು ಶಿಫಾರಸು, ಕಾನೂನಲ್ಲ. ಆದರೂ ಯೂನಿಟ್ ಚೀಫ್ ಮುಂದೆ ಇಡಬಹುದಾದ ಒಂದು ಮಾದರಿ. ನೀವು ಅದಕ್ಕಿಂತ 17 ಗಂಟೆ ಮೇಲಿದ್ದೀರಿ.

‘ನಮ್ಮ ಕಾಲದಲ್ಲಿ’ ಅನ್ನುವ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಅವರೂ ನೆನಪಿನಿಂದಲೇ ಮಾತಾಡುತ್ತಿದ್ದಾರೆ, ನೆನಪಿನ ಗುಣ ನೀವೇ ನೋಡಿದಿರಲ್ಲ. ನಾವು ನಿಜವಾಗಿಯೂ ತುಂಬ ಹೊತ್ತು ವಾರ್ಡಿನಲ್ಲೇ ಇರುತ್ತಿದ್ದೆವು. ಆದರೆ ರೋಗಿಗಳು ಎರಡು ಮೂರು ವಾರ ಒಂದೇ ಬೆಡ್‌ನಲ್ಲಿ ಇರುತ್ತಿದ್ದರು, ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಟೆಸ್ಟು ಕಡಿಮೆ, ಔಷಧಿ ಕಡಿಮೆ, ಕಾಗದ ಕಡಿಮೆ, ಜೇಬಿನಲ್ಲಿ ಫೋನ್ ಇರಲಿಲ್ಲ. ರಾತ್ರಿ ಎರಡರ ನಂತರ ಡ್ಯೂಟಿ ರೂಮಿನ ಮಂಚ ಸಿಗುತ್ತಿದ್ದ ದಿನಗಳೂ ಇದ್ದವು. ಈಗ ನಾಲ್ಕು ದಿನಕ್ಕೆ ಡಿಸ್ಚಾರ್ಜ್, ಅದೇ ಬೆಡ್‌ಗೆ ಇನ್ನೊಬ್ಬರು, ಹೊಸ ಕೇಸ್ ಶೀಟ್. ನನ್ನ 24 ಗಂಟೆಯೊಳಗೆ ಇದ್ದದ್ದೂ ನಿಮ್ಮ 24 ಗಂಟೆಯೊಳಗೆ ಇರುವುದೂ ಬೇರೆ. ಇದನ್ನು ನಾನು ನನ್ನ ವಯಸ್ಸಿನವರಿಗೂ ಹೇಳುತ್ತಿರುತ್ತೇನೆ.

ಮುಂದೇನು? ಇನ್ನೂ ಎರಡು ವಾರ ಬರೆಯಿರಿ, ಆದರೆ ಹೀಗೆ. ಬಂದ ಹೊತ್ತು, ಹೋದ ಹೊತ್ತು. ಆ ದಿನ ನಿಮ್ಮ ಪಾಲಿಗೆ ಎಷ್ಟು ಬೆಡ್, ಹೊಸ ಅಡ್ಮಿಷನ್ ಎಷ್ಟು. ಡಾಕ್ಟರೇ ಮಾಡಬೇಕಾದ ಕೆಲಸವಲ್ಲದ್ದಕ್ಕೆ ಸುಮಾರು ಎಷ್ಟು ಹೊತ್ತು ಹೋಯಿತು. ಎಷ್ಟು ಗಂಟೆ ಮಲಗಿದಿರಿ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಸಾಕು. ವಾರದ ಕೊನೆಯಲ್ಲಿ ನೆನಪು ಮಾಡಿಕೊಂಡು ಬರೆಯಬೇಡಿ, ಮತ್ತೆ 120 ಬಂದೀತು. ಓದು ಮತ್ತು ಥೀಸಿಸ್ ಬೇರೆ ಬರೆಯಿರಿ, ಕೂಡಿಸಬೇಡಿ. ಸಾಧ್ಯವಾದರೆ ಜೊತೆಯ ಇಬ್ಬರು ಮೂವರನ್ನೂ ಸೇರಿಸಿಕೊಳ್ಳಿ. ಒಬ್ಬರದ್ದಾದರೆ ದೂರು ಅನ್ನುತ್ತಾರೆ, ನಾಲ್ಕು ಜನರದ್ದಾದರೆ ಕೂತು ನೋಡುತ್ತಾರೆ.

ಆಮೇಲೆ ಚೀಫ್ ಹತ್ತಿರ ಹೋಗಿ. ‘ತುಂಬ ಕೆಲಸ ಸರ್’ ಅನ್ನಬೇಡಿ. ಎರಡೇ ಎರಡು ಕೇಳಿ. ಬೆಳಗಿನ ಸ್ಯಾಂಪಲ್ ಕೆಲಸವನ್ನು ಲ್ಯಾಬ್ ಟೆಕ್ನಿಷಿಯನ್‌ಗಳೋ, ಸರದಿ ಮೇಲೆ ಇಂಟರ್ನ್‌ಗಳೂ ಪಿಜಿಗಳೂ ಸೇರಿಯೋ ಹಂಚಿಕೊಳ್ಳಲಿ. ಭಾನುವಾರ ಬೆಳಿಗ್ಗೆ ರೋಗಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ನೀವು ಹೊರಡುವಂತಾಗಲಿ. ಎರಡನೆಯದಕ್ಕೆ ತಕರಾರು ಬಂದೇ ಬರುತ್ತದೆ, ಅದರಲ್ಲಿ ಅರ್ಥವೂ ಇದೆ. ರೋಗಿಯನ್ನು ಕೈ ಬದಲಾಯಿಸುವಾಗ ಮಾಹಿತಿ ಸೋರಿಹೋಗುತ್ತದೆ. ನಮ್ಮಲ್ಲಿ ಇದನ್ನು ಶುರು ಮಾಡಿದಾಗ ಮೊದಲ ತಿಂಗಳು ಗೊಂದಲವೇ ಆಯಿತು. ಒಂದೇ ಪುಟದ ಹಾಳೆ ಮಾಡಿಕೊಂಡ ಮೇಲೆ ಸರಿಹೋಯಿತು. ಬೆಡ್ ನಂಬರ್, ಕಾಯಿಲೆ, ಇವತ್ತು ಬರಬೇಕಾದ ರಿಪೋರ್ಟು, ಯಾರ ಮೇಲೆ ಕಣ್ಣಿಡಬೇಕು. ಹಾಳೆ ಕೊಟ್ಟು ಸುಮ್ನೆ ಹೋಗುವಂತಿಲ್ಲ, ಗಂಭೀರ ಇರುವವರ ಬೆಡ್ ಹತ್ತಿರ ಇಬ್ಬರೂ ನಿಂತು ಮಾತಾಡಬೇಕು. ನೀವೇ ಹಾಳೆ ತಯಾರಿಸಿಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ಪಟ್ಟಿ ಬದಲಾಗುವ ತನಕ ಕೆಲವು ನೀವೇ ಮಾಡಿಕೊಳ್ಳಬಹುದು. ರಾತ್ರಿ ಡ್ಯೂಟಿಗೆ ಮುಂಚೆ ಸಂಜೆ ಅರ್ಧ ಗಂಟೆ ಸಿಕ್ಕರೂ ಮಲಗಿ. ಬೆಳಗಿನ ಜಾವದ ನಂತರ ಇನ್ಸುಲಿನ್, ಪೊಟ್ಯಾಸಿಯಂ, ಹೆಪಾರಿನ್‌ನಂಥ ಔಷಧಿ ಬರೆದರೆ ಸಿಸ್ಟರ್‌ಗೆ ಬೆಡ್ ನಂಬರ್, ಹೆಸರು, ಡೋಸ್ ಗಟ್ಟಿಯಾಗಿ ಓದಿ ಹೇಳಿ, ಅವರಿಂದಲೂ ಹೇಳಿಸಿ. ಯಾರಾದರೂ ಎರಡನೇ ಸಲ ಕೇಳಿದರೆ ಸಿಡುಕಬೇಡಿ.

ಇನ್ನು ನೀವು ತಕ್ಕವಳಲ್ಲವಾ ಅನ್ನುವ ಪ್ರಶ್ನೆ. 31 ಗಂಟೆ ಕೆಲಸ ಮಾಡಿ ಕಣ್ಣು ಮುಚ್ಚಿದರೆ ಅದು ಮೈಯ ಗುಣ, ನಿಮ್ಮ ಗುಣವಲ್ಲ. ಯಾರ ಮೈಯಾದರೂ ಹಾಗೇ ಮಾಡುತ್ತದೆ. ಒಂದನ್ನು ಮಾತ್ರ ಗಮನಿಸಿ. ಎರಡು ರಾತ್ರಿ ಚೆನ್ನಾಗಿ ಮಲಗಿದ ಮೇಲೆ ಮನಸ್ಸು ಹಗುರವಾದರೆ ಅದು ದಣಿವು. ಮಲಗಿ ಎದ್ದರೂ ಯಾವುದರಲ್ಲೂ ಆಸೆ ಇಲ್ಲ, ಊಟ ರುಚಿಸುತ್ತಿಲ್ಲ, ನಾನಿದ್ದು ಏನು ಪ್ರಯೋಜನ ಅನ್ನುವ ಯೋಚನೆ ಎರಡು ವಾರ ಬಿಡದೆ ಬರುತ್ತಿದೆ ಅಂದರೆ ಗಂಟೆ ಎಣಿಸುವುದನ್ನು ಬಿಟ್ಟು ಮನೋವೈದ್ಯರನ್ನು ನೋಡಿ. ಸಾಯುವ ಯೋಚನೆ ಒಂದು ಸಲ ಸುಳಿದರೂ ಎರಡು ವಾರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ. ನಿಮ್ಮದೇ ಕಾಲೇಜಿನಲ್ಲಿ ಮುಜುಗರ ಅನ್ನಿಸಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಅಮ್ಮನಿಗೂ ಈ ವಾರ ಫೋನ್ ಮಾಡಿ ಹೇಳಿ, 91 ಗಂಟೆ, ಏಳೂ ದಿನ, ಅದರಲ್ಲಿ 31 ಗಂಟೆ ಒಂದೇ ಸಮನೆ ಅಂತ. 120 ಅಂದಾಗ ಆದದ್ದಕ್ಕಿಂತ ಜಾಸ್ತಿ ಅವರಿಗೆ ಅರ್ಥವಾಗುತ್ತದೆ. ಬರುವ ಶನಿವಾರ ಬೆಳಿಗ್ಗೆ ಹೊರಡುವಾಗಲೇ ಸ್ಕೂಟರ್ ಕೀಲಿ ರೂಮಿನಲ್ಲಿ ಬಿಟ್ಟು, ಆಟೊದಲ್ಲಿ ಹೋಗಿ ಆಟೊದಲ್ಲೇ ಬನ್ನಿ.